ಇಂಪೋರ್ಟ್ ಒತ್ತುವ ಮುನ್ನ ಅಲ್ಲೇನಿದೆ ನೋಡೋಣ

ಗೆಳೆಯರೇ, ಇದನ್ನು ಬರೆಯೋಕೆ ನಮಗೆ ಸ್ವಲ್ಪ ನಾಚಿಕೆ ಇದೆ. ಇದರಲ್ಲಿ ಬರುವ ತಪ್ಪು ನಮ್ಮದೇ. ಆದರೂ ಬರೀತಿದ್ದೀವಿ. ಈಗ ನಮ್ಮ ಹಾಸ್ಟೆಲಿನ ಪ್ರತಿ ಫ್ಲೋರಿನಲ್ಲೂ 'ವೆಬ್‌ಸೈಟ್ ಮಾಡಿಕೊಡ್ತೀವಿ' ಅನ್ನೋರು ಒಬ್ಬರಾದರೂ ಸಿಗ್ತಾರೆ. ಊರಿನ ಬೇಕರಿಗೆ, ಮಾವನ ಟ್ಯೂಷನ್ ಸೆಂಟರಿಗೆ, ಸೀನಿಯರ್ ಒಬ್ಬರ ಸ್ಟಾರ್ಟಪ್ಪಿಗೆ ಕೆಲಸ ಮಾಡಿ ಕೈಖರ್ಚಿಗೆ ನಾಲ್ಕು ಕಾಸು ನೋಡುವವರು ಅವರು. ನಾವು ಬಿದ್ದ ಗುಂಡಿಗೆ ಅವರೂ ಬೀಳೋದು ಬೇಡ ಅನ್ನೋದಷ್ಟೇ ನಮ್ಮ ಆಸೆ.

ನಡೆದದ್ದು ಇಷ್ಟು. ಮಲೆನಾಡಿನ ಒಂದು ಹೋಮ್‌ಸ್ಟೇಗೆ ನಾವು ನಾಲ್ಕು ಜನ ಸೇರಿ ಹೊಸ ಸೈಟ್ ಮಾಡಿಕೊಟ್ವಿ. ಹಳೇ ಸೈಟ್ ತುಂಬಾ ನಿಧಾನ ಇತ್ತು, ಹೊಸದನ್ನು ಬೇರೆ ಸರ್ವರಿನಲ್ಲಿ ಇಟ್ವಿ. ಉಳಿದದ್ದು ಒಂದೇ ಕೆಲಸ: ಡೊಮೇನ್ ಹೆಸರನ್ನು ಹೊಸ ಸರ್ವರಿನ ಕಡೆ ತಿರುಗಿಸೋದು, ಅಂದ್ರೆ ಡಿಎನ್‌ಎಸ್ ಬದಲಾಯಿಸೋದು. ಮಾಲೀಕರಾದ ಅಕ್ಕ ತಮ್ಮ ಅಕೌಂಟಿನ ಪಾಸ್‌ವರ್ಡ್ ಕೊಟ್ಟು, 'ನೋಡ್ಕಳಿ ಮಾರಾಯ, ನಂಗೆ ಅದೆಲ್ಲ ಗೊತ್ತಾಗಲ್ಲ' ಅಂದಿದ್ರು.

ನಮ್ಮ ಹತ್ತಿರ ಒಂದು ಟೆಂಪ್ಲೇಟ್ ಇತ್ತು. ಹಿಂದೊಮ್ಮೆ ಒಂದು ಹೊಲಿಗೆ ತರಬೇತಿ ಕೇಂದ್ರಕ್ಕೆ ಸೈಟ್ ಮಾಡಿದಾಗ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡ ಜೋನ್ ಫೈಲ್. ಅದರಲ್ಲಿ ಆರು ರೆಕಾರ್ಡ್ ಇತ್ತು. ಗುರುವಾರ ರಾತ್ರಿ ಹನ್ನೊಂದೂವರೆಗೆ ಅದರಲ್ಲಿ ಡೊಮೇನ್ ಹೆಸರು ಬದಲಾಯಿಸಿ, ಐಪಿ ಬದಲಾಯಿಸಿ, ಅಕ್ಕನ ಅಕೌಂಟಿಗೆ ಇಂಪೋರ್ಟ್ ಮಾಡಿದ್ವಿ. 'ಈಗಿರುವ ರೆಕಾರ್ಡ್‌ಗಳ ಬದಲಿಗೆ ಹಾಕಲೇ?' ಅಂತ ಒಂದು ಚೆಕ್‌ಬಾಕ್ಸ್ ಇತ್ತು, ಅದಕ್ಕೂ ಟಿಕ್ ಹಾಕಿದ್ವಿ. ಹಸಿರು ಬಣ್ಣದಲ್ಲಿ 'ಯಶಸ್ವಿ' ಅಂತ ಬಂತು. ಬ್ರೌಸರಿನಲ್ಲಿ ನೋಡಿದ್ವಿ, ಹೋಮ್ ಪೇಜ್ ಚೆನ್ನಾಗಿ ಬಂತು. ಬುಕಿಂಗ್ ಪುಟವೂ ತೆರೀತು. ಕ್ಯಾಂಟೀನ್ ಹತ್ತಿರ ಹೋಗಿ ಟೀ ಕುಡಿದು ಮಲಗಿದ್ವಿ.

ಶನಿವಾರ ಮಧ್ಯಾಹ್ನ ಅಕ್ಕನ ಫೋನ್. 'ಎಂತ ಮಾರಾಯ, ನಿನ್ನೆಯಿಂದ ಒಂದು ಬುಕಿಂಗೂ ಬಂದಿಲ್ಲ. ಬೆಂಗಳೂರಿನವರೊಬ್ರು ಫೋನ್ ಮಾಡಿ ಮೇಲ್ ವಾಪಸ್ ಬಂತು ಅಂತಿದ್ರು.' ನಾವು ಲ್ಯಾಪ್‌ಟಾಪ್ ತೆಗೆದು ನೋಡಿ, ನಮ್ಮ ಕ್ಷೇತ್ರದ ಅತಿ ಹಳೇ ಡೈಲಾಗ್ ಹೊಡೆದ್ವಿ: 'ನಮ್ಮಲ್ಲಿ ಸೈಟ್ ಓಪನ್ ಆಗ್ತಿದೆಯಲ್ಲ ಅಕ್ಕ.' ಆಮೇಲೆ ಬುಕಿಂಗ್ ಪುಟ ಒತ್ತಿ ನೋಡಿದ್ವಿ. ಅಂಥ ವಿಳಾಸವೇ ಇಲ್ಲ ಅಂತು ಬ್ರೌಸರ್.

ಅಕ್ಕನ ಅಕೌಂಟಿನಲ್ಲಿ ಮೊದಲು ಹನ್ನೊಂದು ರೆಕಾರ್ಡ್ ಇತ್ತು ಅಂತ ಗೊತ್ತಾಗಿದ್ದು ಆಮೇಲೆ. ಬುಕಿಂಗ್ ಪುಟ ನಡೀತಿದ್ದದ್ದು ಬೇರೊಂದು ಸೇವೆಯಲ್ಲಿ. ಅದಕ್ಕೆ ದಾರಿ ತೋರಿಸೋ ಸಿನೇಮ್ ರೆಕಾರ್ಡ್ ನಮ್ಮ ಟೆಂಪ್ಲೇಟಿನಲ್ಲಿ ಇರಲಿಲ್ಲ, ಹಾಗಾಗಿ ಅಳಿಸಿ ಹೋಗಿತ್ತು. ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳೋ ಎಂಎಕ್ಸ್ ರೆಕಾರ್ಡ್ ಟೆಂಪ್ಲೇಟಿನಲ್ಲಿತ್ತು, ಆದರೆ ಅದು ಹೊಲಿಗೆ ಕೇಂದ್ರದವರ ಮೇಲ್ ಸೇವೆಯದ್ದು. ಹೋಮ್‌ಸ್ಟೇಗೆ ಬರೆದ ಪತ್ರಗಳೆಲ್ಲ ಆ ಬಾಗಿಲು ತಟ್ಟಿ, 'ಅಂಥವರು ಇಲ್ಲಿ ಯಾರೂ ಇಲ್ಲ' ಅಂತ ಹೇಳಿಸಿಕೊಂಡು ವಾಪಸ್ ಹೋಗ್ತಿದ್ವು.

ಹಾಗಾದರೆ ಗುರುವಾರ ರಾತ್ರಿ ಬುಕಿಂಗ್ ಪುಟ ನಮಗೆ ತೆರೆದದ್ದು ಹೇಗೆ? ಇಂಪೋರ್ಟಿಗೆ ಸ್ವಲ್ಪ ಮೊದಲು ನಾವೇ ಆ ಪುಟ ನೋಡಿದ್ವಿ. ಡಿಎನ್‌ಎಸ್‌ನಲ್ಲಿ ಪ್ರತಿ ಉತ್ತರಕ್ಕೂ ಟಿಟಿಎಲ್ ಅಂತ ಒಂದು ಆಯಸ್ಸು ಇರುತ್ತೆ. ಅಲ್ಲಿ 86400 ಅಂತ ಇತ್ತು, ಅಂದ್ರೆ ಅಷ್ಟು ಸೆಕೆಂಡು, ಪೂರ್ತಿ ಒಂದು ದಿನ. ನಮ್ಮ ನೆಟ್‌ವರ್ಕ್ ಹಳೇ ಉತ್ತರವನ್ನೇ ನೆನಪಿಟ್ಟುಕೊಂಡು ನಮಗೆ ತೋರಿಸ್ತಿತ್ತು. ಹೊಸದಾಗಿ ಕೇಳುವ ಗಿರಾಕಿಗೆ ಸಿಗ್ತಿದ್ದದ್ದು ಖಾಲಿ ಗೋಡೆ. ಬದಲಾವಣೆ ಮಾಡಿದವರಿಗೇ ಕೊನೆಗೆ ತಪ್ಪು ಕಾಣೋದು. ಇದು ಡಿಎನ್‌ಎಸ್‌ನ ಕುಚೋದ್ಯ.

ಸರಿ, ಹಳೇದನ್ನು ವಾಪಸ್ ಹಾಕೋಣ ಅಂದ್ರೆ ಹಳೇದು ನಮ್ಮ ಹತ್ತಿರ ಇರಲಿಲ್ಲ. ಬೇರೆಯವರ ಹಳೇ ಅಕೌಂಟಿನ ಪ್ರತಿ ಜೋಪಾನವಾಗಿ ಇಟ್ಟುಕೊಂಡಿದ್ವಿ, ಇವರದ್ದರ ಪ್ರತಿ ತೆಗೆದಿರಲಿಲ್ಲ. ಅಕ್ಕನ ಅಣ್ಣನ ಮಗ ಮೂರು ವರ್ಷದ ಹಿಂದೆ ಮೇಲ್ ಸೆಟಪ್ ಮಾಡಿದ್ದ. ಅವನ ಹಳೇ ಇನ್‌ಬಾಕ್ಸ್ ಹುಡುಕಿಸಿ, ಬುಕಿಂಗ್ ಸೇವೆಯ ಡ್ಯಾಶ್‌ಬೋರ್ಡ್ ನೋಡಿ, ಒಂದೊಂದೇ ರೆಕಾರ್ಡ್ ಕಟ್ಟಿಕೊಂಡ್ವಿ. ಸಂಜೆ ಹೊತ್ತಿಗೆ ಎಲ್ಲ ಸರಿಯಾಗಿ ಹಾಕಿದರೂ ಸಮಸ್ಯೆ ಪೂರ್ತಿ ನಿಲ್ಲಲಿಲ್ಲ. ನಾವು ಹಾಕಿದ್ದ ತಪ್ಪು ಎಂಎಕ್ಸ್‌ಗೂ ಒಂದು ದಿನದ ಆಯಸ್ಸು ನಾವೇ ಕೊಟ್ಟಿದ್ವಲ್ಲ! ಅದು ತೀರೋವರೆಗೂ ಕೆಲವರ ಮೇಲ್ ಹಳೇ ತಪ್ಪು ಬಾಗಿಲಿಗೇ ಹೋಗ್ತಿತ್ತು. 'ಇಲ್ಲ' ಅನ್ನೋ ಉತ್ತರವನ್ನೂ ಡಿಎನ್‌ಎಸ್ ನೆನಪಿಟ್ಟುಕೊಳ್ಳುತ್ತೆ. ಹಾಗಾಗಿ ಬುಕಿಂಗ್ ಪುಟವೂ ಎಲ್ಲರಿಗೂ ಒಂದೇ ಸಲ ಮರಳಲಿಲ್ಲ. ಭಾನುವಾರ ಸಂಜೆ ಹೊತ್ತಿಗೆ ಎಲ್ಲ ತಿಳಿಯಾಯ್ತು. ಅಷ್ಟರಲ್ಲಿ ವಾರಾಂತ್ಯ ಮುಗಿದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಟೆಂಪ್ಲೇಟ್ ಕೆಟ್ಟದ್ದಲ್ಲ

ಇದನ್ನು ಕೇಳಿದ ಗೆಳೆಯನೊಬ್ಬ, 'ಟೆಂಪ್ಲೇಟ್ ಸಹವಾಸವೇ ಬೇಡ, ಕೈಯಲ್ಲೇ ಟೈಪ್ ಮಾಡಿ' ಅಂದ. ನಾವು ಒಪ್ಪಲ್ಲ. ಕೈಯಲ್ಲಿ ಟೈಪ್ ಮಾಡಿದರೆ ಬೇರೆ ತಪ್ಪು ಬರುತ್ತೆ. ಜೋನ್ ಫೈಲಿನಲ್ಲಿ ಪೂರ್ತಿ ಡೊಮೇನ್ ಹೆಸರಿನ ಕೊನೆಗೆ ಒಂದು ಚುಕ್ಕಿ ಬರಬೇಕು. ಅದನ್ನು ಮರೆತರೆ ಆ ಹೆಸರಿನ ಹಿಂದೆ ಡೊಮೇನ್ ಮತ್ತೊಮ್ಮೆ ಅಂಟಿಕೊಂಡು ಎಲ್ಲೂ ಇಲ್ಲದ ವಿಳಾಸ ಹುಟ್ಟುತ್ತೆ. ಒಂದು ಚುಕ್ಕಿಗೆ ಒಂದು ಸೈಟ್ ಬೀಳುತ್ತೆ. ಟೆಂಪ್ಲೇಟ್ ಇಂಥ ತಪ್ಪುಗಳಿಂದ ಕಾಪಾಡುತ್ತೆ, ಹತ್ತು ಜನ ಕಲಿತದ್ದನ್ನು ಹನ್ನೊಂದನೆಯವನಿಗೆ ಕೊಡುತ್ತೆ.

ತೊಂದರೆ ಇರೋದು ಬೇರೆ ಕಡೆ. ಟೆಂಪ್ಲೇಟಿಗೆ ಗೊತ್ತಿರೋದು ಅದು ಹುಟ್ಟಿದ ಅಕೌಂಟ್ ಮಾತ್ರ. ಅದು ಹೋಗಿ ಕೂರುವ ಅಕೌಂಟಿನಲ್ಲಿ ಏನಿದೆ, ಯಾರು ಯಾವತ್ತು ಯಾಕೆ ಹಾಕಿದ್ರು, ಅದಕ್ಕೆ ಒಂದಕ್ಷರ ಗೊತ್ತಿಲ್ಲ. ಅದು ಗೊತ್ತಿರಬೇಕಾದದ್ದು ಇಂಪೋರ್ಟ್ ಒತ್ತುವವರಿಗೆ. 'ಇಂಪೋರ್ಟ್' ಅನ್ನೋ ಪದ ಕೇಳಿದಾಗ ನಮಗೆ 'ಸೇರಿಸೋದು' ಅಂತ ಅನ್ನಿಸುತ್ತೆ. ಎಷ್ಟೋ ಕಡೆ ಅದರ ಅರ್ಥ 'ಇರೋದನ್ನು ತೆಗೆದು ಇದನ್ನು ಇಡೋದು'. ಹೊಲಿಗೆ ಕೇಂದ್ರದವರೇ ಹೇಳೋ ಹಾಗೆ, ಒಬ್ಬರ ಅಳತೆಯ ಬಟ್ಟೆ ಇನ್ನೊಬ್ಬರಿಗೆ ಹಾಕೋದು ತಪ್ಪಲ್ಲ. ಅಳತೆ ನೋಡದೆ ಅವರ ಹಳೇ ಬಟ್ಟೆ ಸುಟ್ಟುಬಿಡೋದು ತಪ್ಪು.

ದೊಡ್ಡವರೂ ಇಲ್ಲೇ ಎಡವಿದ್ದಾರೆ

ನಾವು ಹುಡುಗರು, ನಮಗೆ ಅನುಭವ ಇಲ್ಲ, ಅದಕ್ಕೇ ಹೀಗಾಯ್ತು ಅಂತ ಅನ್ನಿಸಬಹುದು. ಸಾವಿರಾರು ಎಂಜಿನಿಯರ್‌ಗಳಿರೋ ಕಂಪನಿಗಳ ಕಥೆಯನ್ನೂ ಸ್ವಲ್ಪ ನೋಡಿ.

2022ರ ಏಪ್ರಿಲ್ 5ರಂದು ಅಟ್ಲಾಸಿಯನ್ ಕಂಪನಿ ತನ್ನ ಗ್ರಾಹಕರ ಅಕೌಂಟುಗಳಿಂದ ಒಂದು ಹಳೇ ಆ್ಯಪ್ ತೆಗೆಯೋಕೆ ಹೊರಟಿತು. ಸ್ಕ್ರಿಪ್ಟಿಗೆ ಕೊಡಬೇಕಿದ್ದದ್ದು ಆ ಆ್ಯಪ್‌ಗಳ ಐಡಿ. ತಂಡಗಳ ನಡುವೆ ಮಾತು ಸರಿಯಾಗಿ ದಾಟದೆ, ಇಡೀ ಸೈಟ್‌ಗಳ ಐಡಿ ಹೋಯ್ತು. ಅಳಿಸುವ ಎಪಿಐ ಎರಡನ್ನೂ ಒಪ್ಪಿಕೊಳ್ತಿತ್ತು. 'ನೀವು ಕೊಟ್ಟದ್ದು ಆ್ಯಪ್ ಅಲ್ಲ, ಇಡೀ ಸೈಟ್' ಅಂತ ಅದು ಎಚ್ಚರಿಸಲಿಲ್ಲ. ಅರ್ಧ ಗಂಟೆಯೂ ಆಗಿರಲಿಲ್ಲ, 775 ಗ್ರಾಹಕರ ಸೈಟ್‌ಗಳು ಹೋದವು. ಎಲ್ಲವನ್ನೂ ಮರಳಿ ತರೋಕೆ ಎರಡು ವಾರದಷ್ಟು ಕಾಲ ಬೇಕಾಯ್ತು. ಬ್ಯಾಕಪ್ ಇತ್ತು. ಆದರೆ ಉಳಿದ ಗ್ರಾಹಕರನ್ನು ಮುಟ್ಟದೆ, ಇಷ್ಟೇ ಜನರದ್ದನ್ನು ಆರಿಸಿ ಒಂದೇ ಸಲ ವಾಪಸ್ ಇಡುವ ದಾರಿ ಸಿದ್ಧವಾಗಿರಲಿಲ್ಲ. ಬ್ಯಾಕಪ್ ಇರೋದೇ ಬೇರೆ, ಅದನ್ನು ವಾಪಸ್ ಹಾಕೋಕೆ ಬರೋದೇ ಬೇರೆ.

2024ರ ಜುಲೈ 19 ನಿಮಗೂ ನೆನಪಿರುತ್ತೆ. ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಕಾನ್ಫಿಗರೇಶನ್ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಪೆನ್ನಿನಲ್ಲಿ ಬರೆದುಕೊಟ್ಟ ಫೋಟೋಗಳು ಓಡಾಡಿದ್ವು. ಮೂಲ ಕಾರಣ ಓದಿದಾಗ ನಮಗೆ ಮೈ ಜುಮ್ಮೆಂದಿತು. ಟೆಂಪ್ಲೇಟಿನಲ್ಲಿ 21 ಖಾನೆಗಳಿದ್ದವು, ಅದನ್ನು ಓದುವ ಯಂತ್ರದ ಕಡೆಯ ಕೋಡ್ ಕೊಡ್ತಿದ್ದದ್ದು 20. ಅದುವರೆಗೆ 21ನೇ ಖಾನೆಯಲ್ಲಿ 'ಏನಿದ್ದರೂ ಸರಿ' ಅಂತ ಬರೆದಿತ್ತು, ಹಾಗಾಗಿ ಯಾರೂ ಅದನ್ನು ತೆರೆದು ನೋಡ್ತಿರಲಿಲ್ಲ. ಅವತ್ತು ಅಲ್ಲೊಂದು ನಿಜವಾದ ಷರತ್ತು ಬಂತು. ಇಲ್ಲದ ಮನೆಯ ಬಾಗಿಲು ತಟ್ಟೋಕೆ ಹೋಗಿ ಯಂತ್ರ ಬಿತ್ತು. ಫೈಲ್ ಪರೀಕ್ಷಿಸುವ ಸಾಧನವೂ ಇದನ್ನು 'ಸರಿ' ಅಂತ ಬಿಟ್ಟಿತ್ತು. 78 ನಿಮಿಷದಲ್ಲಿ ಫೈಲನ್ನು ಹಿಂದಕ್ಕೆ ಪಡೆದರು. ಆದರೆ ಬಿದ್ದ ಎಷ್ಟೋ ಯಂತ್ರಗಳನ್ನು ಜನ ಒಂದೊಂದಾಗಿ ಮುಟ್ಟಿಯೇ ಎಬ್ಬಿಸಬೇಕಾಯ್ತು. ಇನ್ನು ಮುಂದೆ ಇಂಥ ಫೈಲ್‌ಗಳನ್ನು ಎಲ್ಲರಿಗೂ ಒಟ್ಟಿಗೆ ಕಳಿಸದೆ ಹಂತ ಹಂತವಾಗಿ ಕಳಿಸ್ತೀವಿ ಅಂತ ಕಂಪನಿ ಆಮೇಲೆ ಹೇಳಿತು.

ಅಕ್ಕನ ಹೋಮ್‌ಸ್ಟೇ ಮತ್ತು 85 ಲಕ್ಷ ಯಂತ್ರ. ಗಾತ್ರ ಬೇರೆ, ತಪ್ಪಿನ ಜಾತಿ ಒಂದೇ. ಒಂದು ಕಡೆ ಸರಿಯಿದ್ದ ಫೈಲನ್ನು, ಇನ್ನೊಂದು ಕಡೆ ಏನಿದೆ ಅಂತ ನೋಡದೆ, ಎಲ್ಲ ಕಡೆ ಒಮ್ಮೆಲೇ ಸುರಿದದ್ದು.

'ಹುಷಾರಾಗಿರಿ' ಅಂದ್ರೆ ಸಾಲದು

ಇಂಥದ್ದೆಲ್ಲ ಆದಾಗ ಬರುವ ಮೊದಲ ಬುದ್ಧಿಮಾತು: 'ಸ್ವಲ್ಪ ಹುಷಾರಾಗಿರ್ಬೇಕಿತ್ತು.' ನಮ್ಮ ಅಭಿಪ್ರಾಯದಲ್ಲಿ ಇದು ಬುದ್ಧಿಮಾತೇ ಅಲ್ಲ. ಗುರುವಾರ ರಾತ್ರಿ ನಾವು ಹುಷಾರಾಗೇ ಇದ್ವಿ. ಐಪಿಯನ್ನು ಮೂರು ಸಲ ಓದಿದ್ವಿ. ನೋಡಿದ್ದನ್ನೆಲ್ಲ ಸರಿಯಾಗೇ ನೋಡಿದ್ವಿ, ನೋಡದೇ ಬಿಟ್ಟದ್ದು ಬಿತ್ತು. ಹುಷಾರು ಅನ್ನೋದು ಮನಸ್ಸಿನ ಸ್ಥಿತಿ, ರಾತ್ರಿ ಹನ್ನೊಂದೂವರೆಗೆ ಅದು ಎಷ್ಟಿರುತ್ತೆ ಅಂತ ಯಾರು ಅಳೀತಾರೆ? ಬೇಕಾದದ್ದು ಒಂದು ಕ್ರಮ. ನಿದ್ದೆಗಣ್ಣಿನಲ್ಲೂ ನಮ್ಮನ್ನು ತಡೆದು ನಿಲ್ಲಿಸುವ ಕ್ರಮ.

ಅಮೆಜಾನ್‌ನವರು 2017ರಲ್ಲಿ ಇದನ್ನೇ ಮಾಡಿದ್ರು. ಆ ವರ್ಷ ಫೆಬ್ರವರಿ 28ರಂದು ಅವರ ಎಸ್3 ಸೇವೆಯಲ್ಲಿ ಒಬ್ಬ ಎಂಜಿನಿಯರ್ ಕಮ್ಯಾಂಡ್‌ನಲ್ಲಿ ಒಂದು ಅಂಶ ತಪ್ಪಾಗಿ ಕೊಟ್ಟು, ಬೇಕಾದ್ದಕ್ಕಿಂತ ಜಾಸ್ತಿ ಸರ್ವರ್‌ಗಳು ಕಳಚಿಕೊಂಡು, ಇಂಟರ್‌ನೆಟ್ಟಿನ ಎಷ್ಟೋ ಸೈಟ್‌ಗಳು ಗಂಟೆಗಟ್ಟಲೆ ನಿಂತವು. ಆಮೇಲೆ ಅವರು ಬದಲಾಯಿಸಿದ್ದು ಆ ಸಾಧನವನ್ನು. ಸರ್ವರ್‌ಗಳನ್ನು ಇನ್ನು ನಿಧಾನವಾಗಿಯೇ ತೆಗೆಯಬೇಕು, ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಯೋಕೆ ಬಿಡಬಾರದು ಅಂತ ಅದರೊಳಗೇ ತಡೆ ಇಟ್ಟರು.

ನಾವೀಗ ಪಾಲಿಸುವ ಕ್ರಮ ಇದು. ದೊಡ್ಡದೇನಲ್ಲ.

ಮೊದಲನೆಯದು, ಇರೋದನ್ನು ಎಕ್ಸ್‌ಪೋರ್ಟ್ ಮಾಡಿ ಇಡೋದು. ಅಕೌಂಟ್ ತೆರೆದ ಕೂಡಲೇ, ಬೇರೆ ಏನನ್ನೂ ಮುಟ್ಟುವ ಮೊದಲು, ಈಗಿನ ಸ್ಥಿತಿಯ ಪ್ರತಿ ನಮ್ಮ ಲ್ಯಾಪ್‌ಟಾಪಿನಲ್ಲೂ ಗ್ರಾಹಕರ ಮೇಲ್‌ನಲ್ಲೂ ಇರಬೇಕು. ಎಕ್ಸ್‌ಪೋರ್ಟ್ ಬಟನ್ ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ಆದರೂ ಸಾಕು. ಹನ್ನೊಂದು ರೆಕಾರ್ಡಿನ ಒಂದು ಸ್ಕ್ರೀನ್‌ಶಾಟ್ ಇದ್ದಿದ್ರೆ ನಮ್ಮ ಶನಿವಾರ ಹಾಗೆ ಹಾಳಾಗ್ತಿರಲಿಲ್ಲ.

ಎರಡನೆಯದು, ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡೋದು. ಯಾವುದು ಸೇರುತ್ತೆ, ಯಾವುದು ಬದಲಾಗುತ್ತೆ, ಯಾವುದು ಹೋಗುತ್ತೆ. ಕೋಡ್ ಬರೆಯುವಾಗ ಗಿಟ್ ಡಿಫ್ ನೋಡದೆ ಕಮಿಟ್ ಮಾಡಬೇಡಿ ಅಂತ ಜೂನಿಯರ್‌ಗಳಿಗೆ ಉಪದೇಶ ಮಾಡ್ತೀವಿ, ಕಾನ್ಫಿಗರೇಶನ್ ವಿಷಯಕ್ಕೆ ಬಂದಾಗ ಮರೀತೀವಿ. ಟೆರಾಫಾರ್ಮ್ ಬಳಸೋರಿಗೆ 'ಪ್ಲಾನ್' ಕಮ್ಯಾಂಡ್ ಇದೆ, ಎಷ್ಟು ಸೇರುತ್ತೆ, ಎಷ್ಟು ನಾಶವಾಗುತ್ತೆ ಅಂತ ಮೊದಲೇ ಲೆಕ್ಕ ಕೊಡುತ್ತೆ. ಆ 'ನಾಶ'ದ ಅಂಕಿ ಸೊನ್ನೆ ಅಲ್ಲದಿದ್ದರೆ ಅಲ್ಲೇ ಕೈ ನಿಲ್ಲಬೇಕು. ಅಳಿದುಹೋಗುವ ಪ್ರತಿ ಸಾಲಿಗೂ 'ಇದು ಯಾಕಿತ್ತು?' ಅನ್ನೋದಕ್ಕೆ ಉತ್ತರ ಬೇಕು. ಉತ್ತರ ಗೊತ್ತಿಲ್ಲ ಅಂದ್ರೆ ಅದು ಅಲ್ಲೇ ಇರಲಿ.

ಮೂರನೆಯದು, ಟೆಂಪ್ಲೇಟನ್ನು ಚಿಕ್ಕದು ಮಾಡೋದು. ವೆಬ್ ಸರ್ವರ್ ಬದಲಾಯಿಸೋಕೆ ಹೊರಟವರ ಟೆಂಪ್ಲೇಟಿನಲ್ಲಿ ಎಂಎಕ್ಸ್ ಯಾಕೆ ಇರಬೇಕು? ನಮ್ಮ ಕೆಲಸಕ್ಕೆ ಬೇಕಾದ ಎರಡು ಸಾಲು ಮಾತ್ರ ಇರಲಿ. ಗ್ರಾಹಕರಿಂದ ಗ್ರಾಹಕರಿಗೆ ಬದಲಾಗುವ ಜಾಗಗಳಲ್ಲಿ ಹಳೇ ಗ್ರಾಹಕರ ಐಪಿ ಬಿಡದೆ, ತುಂಬದೇ ಇದ್ದರೆ ಇಂಪೋರ್ಟೇ ಆಗದಂಥ ಖಾಲಿ ಗುರುತು ಇಡಿ. ಹಳೇ ಐಪಿ ಉಳಿದರೆ ಹೋಮ್‌ಸ್ಟೇ ವಿಳಾಸ ಹಾಕಿದವರಿಗೆ ಬ್ಲೌಸ್ ಕಟಿಂಗ್ ಕ್ಲಾಸಿನ ಫೀಸ್ ಕಾಣುತ್ತೆ! ಸಿಂಟ್ಯಾಕ್ಸ್ ಪರೀಕ್ಷೆ ಇದನ್ನು ಹಿಡಿಯಲ್ಲ. ವ್ಯಾಕರಣ ಸರಿಯಿರೋ ವಾಕ್ಯವೂ ಸುಳ್ಳಾಗಿರಬಹುದು ಅಲ್ವಾ, ಹಾಗೆ.

ನಾಲ್ಕನೆಯದು, ಟಿಟಿಎಲ್ ಅನ್ನು ಮೊದಲೇ ಇಳಿಸೋದು. ಒಂದು ದಿನ ಮುಂಚೆಯೇ 86400 ತೆಗೆದು 300 ಮಾಡಿದರೆ, ತಪ್ಪಾದರೂ ಸರಿಪಡಿಸಿದ ಉತ್ತರ ಹೆಚ್ಚಿನವರಿಗೆ ಐದು ನಿಮಿಷದಲ್ಲಿ ಸಿಗುತ್ತೆ. ಹೊಸ ರೆಕಾರ್ಡಿಗೂ ಮೊದಲ ಎರಡು ದಿನ ಇದೇ ಇರಲಿ, ಎಲ್ಲ ಸರಿ ಅಂತ ಖಚಿತವಾದ ಮೇಲೆ ಏರಿಸಬಹುದು.

ಐದನೆಯದು, ಹೊರಗಿನಿಂದ ನೋಡೋದು. ಹೋಮ್ ಪೇಜ್ ಬಂತು ಅಂದ ಮಾತ್ರಕ್ಕೆ ಕೆಲಸ ಆಗಿಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ, ಡಿಗ್ ಕಮ್ಯಾಂಡ್‌ನಿಂದ ಆ ಡೊಮೇನಿನ ನೇಮ್‌ಸರ್ವರನ್ನೇ ನೇರ ಕೇಳಿ. ಬುಕಿಂಗ್ ಮಾಡಿ ನೋಡಿ, ಬೇರೆ ಅಕೌಂಟಿನಿಂದ ಒಂದು ಮೇಲ್ ಕಳಿಸಿ, ಬಂತಾ ಅಂತ ಗ್ರಾಹಕರನ್ನೇ ಕೇಳಿ. ಸೈಟ್ ಬಿದ್ದರೆ ಯಾರಾದರೂ ಕೂಗಿ ಹೇಳ್ತಾರೆ. ಮೇಲ್ ನಿಂತರೆ ಬರೀ ಮೌನ, ಮಾಲೀಕರು 'ಈ ವಾರ ವ್ಯಾಪಾರ ಡಲ್' ಅಂದುಕೊಂಡು ಕೂತಿರ್ತಾರೆ.

ಕೊನೆಯದು, ಎರಡನೇ ಕಣ್ಣು ಮತ್ತು ಸರಿಯಾದ ಹೊತ್ತು. ಒತ್ತುವ ಮೊದಲು ಪಕ್ಕದಲ್ಲಿ ಕೂತವರು ಅಕೌಂಟಿನ ಹೆಸರನ್ನು ಜೋರಾಗಿ ಓದಬೇಕು. ಮೂರು ಗ್ರಾಹಕರ ಟ್ಯಾಬ್ ಒಟ್ಟಿಗೆ ತೆರೆದಿರುವಾಗ ತಪ್ಪು ಅಕೌಂಟಿಗೆ ಇಂಪೋರ್ಟ್ ಮಾಡೋದು ಕಷ್ಟವೇನಲ್ಲ. ಗ್ರಾಹಕರಿಗೆ ಮೊದಲೇ ಹೇಳಿ, ಅವರ ವ್ಯಾಪಾರ ಕಡಿಮೆ ಇರುವ ದಿನ ಕೇಳಿ ಮಾಡಿ. ವಾರಾಂತ್ಯವೇ ಹೊಟ್ಟೆಪಾಡಾಗಿರೋ ಹೋಮ್‌ಸ್ಟೇಗೆ ಗುರುವಾರ ರಾತ್ರಿ ಕೈ ಹಾಕಿದ್ದು ನಮ್ಮ ಅನುಕೂಲಕ್ಕೆ, ಅವರ ಅನುಕೂಲಕ್ಕಲ್ಲ.

ಇಷ್ಟೆಲ್ಲ ಯಾಕೆ ಅನ್ನೋರಿಗೆ

'ಚಿಕ್ಕ ಸೈಟಿಗೆ ಇಷ್ಟೆಲ್ಲ ಶಾಸ್ತ್ರ ಯಾಕೆ? ಅವರು ಕೊಡೋ ದುಡ್ಡಿಗೆ ಇಷ್ಟೇ' ಅಂತ ಕೇಳಬಹುದು. ಟಿಟಿಎಲ್ ಕಾಯೋ ದಿನ ಬಿಟ್ಟರೆ ಮೇಲಿನದೆಲ್ಲ ಸೇರಿ ಅರ್ಧ ಗಂಟೆ ಕೆಲಸ. ದೊಡ್ಡ ಕಂಪನಿ ಬಿದ್ದರೆ ಅಲ್ಲಿ ರಾತ್ರಿ ಎದ್ದು ಕೂರೋಕೆ ತಂಡಗಳಿವೆ, ಪತ್ರಿಕಾ ಹೇಳಿಕೆ ಕೊಡೋಕೆ ಜನ ಇದ್ದಾರೆ. ಅಕ್ಕನ ಸೈಟ್ ಬಿದ್ದರೆ ಅವರಿಗೆ ಇರೋದು ನಮ್ಮ ನಾಲ್ಕು ಜನರ ಫೋನ್ ನಂಬರ್, ಅದೂ ಇಂಟರ್ನಲ್ಸ್ ಟೈಮಲ್ಲಿ ಸೈಲೆಂಟ್‌ನಲ್ಲಿರುತ್ತೆ. ಗ್ರಾಹಕರು ಚಿಕ್ಕವರಾದಷ್ಟೂ ನಮ್ಮ ತಪ್ಪನ್ನು ತಾಳಿಕೊಳ್ಳುವ ಶಕ್ತಿ ಅವರಿಗೆ ಕಡಿಮೆ. ಕ್ರಮ ಹೆಚ್ಚು ಬೇಕಾದದ್ದು ಅಲ್ಲೇ.

ನಮ್ಮ ಓದಿನ ಬಗ್ಗೆಯೂ ಒಂದು ಮಾತು. ನಾಲ್ಕು ವರ್ಷದ ಲ್ಯಾಬ್‌ಗಳಲ್ಲಿ ನಾವು ಯಾವತ್ತೂ ಖಾಲಿ ಪರದೆಯಿಂದ ಶುರು ಮಾಡ್ತೀವಿ. ಹೊಸ ಡೇಟಾಬೇಸ್, ಹೊಸ ಪ್ರೋಗ್ರಾಂ, ಔಟ್‌ಪುಟ್ ಬಂದ ಕೂಡಲೇ ವೈವಾ, ಆಮೇಲೆ ಡಿಲೀಟ್. ನಡೀತಿರೋದನ್ನು ನಿಲ್ಲಿಸದೆ ಬದಲಾಯಿಸೋದು ಹೇಗೆ ಅಂತ ಒಂದು ಪ್ರಯೋಗವೂ ನಮ್ಮ ರೆಕಾರ್ಡ್ ಬುಕ್ಕಿನಲ್ಲಿ ಇಲ್ಲ. ಹೊರಗಿನ ಪ್ರಪಂಚದಲ್ಲಿ ಖಾಲಿ ಪರದೆ ಸಿಗೋದು ಅಪರೂಪ. ಅಲ್ಲಿ ಯಾರೋ ಮೂರು ವರ್ಷದ ಹಿಂದೆ ಹಾಕಿಟ್ಟ, ಯಾಕೆ ಅಂತ ಬರೆದಿಡದ ಹನ್ನೊಂದು ಸಾಲುಗಳಿರ್ತವೆ. ನೆಟ್‌ವರ್ಕ್ಸ್ ಲ್ಯಾಬಿನಲ್ಲಿ ಒಂದು ದಿನ ನಡೀತಿರೋ ಒಂದು ಸೈಟ್ ಕೊಟ್ಟು, 'ಇದನ್ನು ಬೇರೆ ಸರ್ವರಿಗೆ ಸಾಗಿಸಿ, ಮೇಲ್ ನಿಲ್ಲಬಾರದು, ಆಮೇಲೆ ಮೊದಲಿದ್ದ ಹಾಗೇ ಮಾಡಿ ತೋರಿಸಿ' ಅಂತ ಪರೀಕ್ಷೆ ಇಟ್ಟರೆ ಹೇಗೆ? ಮೇಡಂ, ಸರ್, ಇದನ್ನು ಓದ್ತಿದ್ದರೆ ದಯವಿಟ್ಟು ಯೋಚಿಸಿ. ಅಲ್ಲಿವರೆಗೆ ನಮ್ಮ ಸಂಘದ ಗೆಳೆಯರೇ ಒಂದು ಶನಿವಾರ ಇದನ್ನು ಮಾಡೋಣ. ಹಳೇ ಡೊಮೇನ್ ಒಂದಿದೆ, ಬೀಳಿಸೋಕೆ ನಾವೇ ಕೊಡ್ತೀವಿ.

ಅಕ್ಕನಿಗೆ ನಡೆದದ್ದನ್ನೆಲ್ಲ ಹಾಗ್ಹಾಗೇ ಹೇಳಿದ್ವಿ. ಸರ್ವರ್ ಪ್ರಾಬ್ಲಂ ಅಂತ ಹೇಳಿ ತಪ್ಪಿಸಿಕೊಳ್ಳೋ ಆಸೆ ಇತ್ತು, ಸುಳ್ಳು ಹೇಳಲ್ಲ. ಕೆಲಸದ ಬಾಕಿ ದುಡ್ಡು ಬೇಡ ಅಂದ್ವಿ. ಅವರು ಅರ್ಧ ಕೊಟ್ಟರು. 'ಇನ್ನರ್ಧ ಮುಂದಿನ ಸಲ ಕೈ ಹಾಕೋಕೆ ಮೊದಲು ನಂಗೊಂದು ಫೋನ್ ಮಾಡಿದ್ರೆ' ಅಂದರು. ಕಳೆದ ತಿಂಗಳು ಒಂದು ಚಿಕ್ಕ ಬದಲಾವಣೆ ಇತ್ತು. ಫೋನ್ ಮಾಡಿದ್ವಿ. 'ಸೋಮವಾರ ಮಾಡಿ, ಅವತ್ತು ಯಾರೂ ಬರಲ್ಲ' ಅಂದರು. ಸೋಮವಾರ ಬೆಳಗ್ಗೆ ಹತ್ತಕ್ಕೆ ಅಕೌಂಟ್ ತೆರೆದು, ಮೊದಲು ಎಕ್ಸ್‌ಪೋರ್ಟ್ ಒತ್ತಿದ್ವಿ.